ಭಾವನ ಮೂಲವ್ಯಾಧಿ ನನಗೆ ಬಂದ ಬಗೆ

ಉಡುಪಿಯಿಂದ ಕಾಪುವಿನವರೆಗೆ ಯಾವ ಔಷಧಿ ಅಂಗಡಿಗೆ ಬೇಕಾದರೂ ಹೋಗಿ ನನ್ನ ಹೆಸರು ಹೇಳಿ ನೋಡಿ. ಅಂಗಡಿಯವನು ಧ್ವನಿ ತಗ್ಗಿಸಿ, "ಓ, ಆ ಮೂಲವ್ಯಾಧಿಯ ಮಾಸ್ತ್ರಾ? ಪಾಪ, ಈಗ ಹೇಗಿದ್ದಾರೆ?" ಎಂದು ಕೇಳದಿದ್ದರೆ ನಾನು ಮೇಷ್ಟ್ರ ಕೆಲಸವನ್ನೇ ಬಿಟ್ಟುಬಿಡುತ್ತೇನೆ! ಮೊದಲೇ ಹೇಳಿಬಿಡುತ್ತೇನೆ, ನನಗೆ ಮೂಲವ್ಯಾಧಿ ಇಲ್ಲ. ಯಾವತ್ತೂ ಇರಲಿಲ್ಲ. ಇದ್ದದ್ದು ನನ್ನ ಭಾವನಿಗೆ. ಸೈಟು, ಕಾರು, ಬ್ಯಾಂಕ್ ಖಾತೆಗಳನ್ನು ಜನ ಬೇರೆಯವರ ಹೆಸರಿನಲ್ಲಿ ಇಡುವುದುಂಟು. ರೋಗವನ್ನು ಹೆಂಡತಿಯ ತಮ್ಮನ ಹೆಸರಿನಲ್ಲಿ ಇಟ್ಟ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಇವರೊಬ್ಬರೇ ಇರಬೇಕು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮನೆ ಕಾಪುವಿನಲ್ಲಿ. ಕಾರ್ಕಳದಿಂದ ಮಣಿಪಾಲ, ಉಡುಪಿ ದಾಟಿ ಕಾಪುವಿನವರೆಗೆ ಬರುವ ಖಾಸಗಿ ಬಸ್ಸೊಂದರ ಡ್ರೈವರು, ಮೀಸೆ ಮೂಡಿದಂದಿನಿಂದ ಅದೇ ಕೆಲಸ. ನಮ್ಮ ಕಡೆಯ ಬಸ್ಸುಗಳ ಟೈಮಿಂಗ್ ಬಲ್ಲವರಿಗೆ ಬಲ್ಲದ್ದೇ. ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಬಂದು ಸ್ಟಾಪಿನಲ್ಲಿದ್ದ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತಾನೆ. ಹಾಗಾಗಿ ಡ್ರೈವರಿಗೆ ನೀರು ಕುಡಿಯಲು ಪುರುಸೊತ್ತಿಲ್ಲ, ಕುಡಿದರೆ ಇಳಿಯಲು ಪುರುಸೊತ್ತಿಲ್ಲ. ಬೆಳಿಗ್ಗೆ ಬಂದ ಕರೆಗೆ ಸಂಜೆ ಓಗೊಡುವುದು, ಸಂಜೆಯದಕ್ಕೆ ಮರುದಿನ. ಕೆಳಗಿನಿಂದ ಇಂಜಿನ್ನಿನ ಬಿಸಿ ಬೇರೆ. ಇಷ್ಟು ಅನುಕೂಲ ಮಾಡಿಕೊಟ್ಟ ಮೇಲೂ ಮೂಲವ್ಯಾಧಿ ಬಾರದಿದ್ದರೆ ಅದರ ತಪ್ಪಲ್ಲವೆ?

ಬಂತು. ಆದರೆ ಭಾವ ಅದನ್ನು ಯಾರಿಗೂ ಹೇಳಲಿಲ್ಲ. ಬದಲಿಗೆ ಕುಳಿತುಕೊಳ್ಳುವುದನ್ನು ಬಿಟ್ಟರು. ಬಸ್ಸಿನಲ್ಲಿ ಮಾತ್ರ ಬಿಡುವಂತಿಲ್ಲವಲ್ಲ, ಅಲ್ಲಿಗೆ ಸ್ಕೂಟರಿನ ಟ್ಯೂಬಿಗೆ ಅರ್ಧ ಗಾಳಿ ತುಂಬಿಸಿ, ಅಕ್ಕನ ಹಳೆಯ ಸೀರೆಯಿಂದ ಹೊಲಿಸಿದ ಗವಸಿನೊಳಗೆ ಸೇರಿಸಿ, ಅದರ ಮೇಲೆ ವಿರಾಜಮಾನರಾಗುತ್ತಿದ್ದರು. ಕೇಳಿದವರಿಗೆ, "ಸೊಂಟಕ್ಕೆ ಒಳ್ಳೆದು ಮಾರಾಯ, ಜರ್ಮನಿಯಲ್ಲಿ ಎಲ್ಲ ಡ್ರೈವರುಗಳೂ ಇದನ್ನೇ ಇಟ್ಕೊಳ್ಳುದು" ಎನ್ನುತ್ತಿದ್ದರು. ಇವರು ಜರ್ಮನಿಗೆ ಹೋದದ್ದು ಯಾವಾಗ? ಕಾಪುವಿನಿಂದ ದಕ್ಷಿಣಕ್ಕೆ ಬಸ್ಸು ಬಿಟ್ಟು ಗೊತ್ತಿಲ್ಲದ ಮನುಷ್ಯ! ಆದರೂ ಆ ರೂಟಿನ ಇಬ್ಬರು ಡ್ರೈವರುಗಳು ಮರುವಾರವೇ ಟ್ಯೂಬು ತಂದಿಟ್ಟುಕೊಂಡರು.

ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಹೋದರೆ ಎಲೆಯ ಮುಂದೆ ಕೂರಬೇಕಾಗುತ್ತದೆ. ಅದಕ್ಕೂ ಭಾವ ಉಪಾಯ ಕಂಡುಕೊಂಡರು. ಹೋದಲ್ಲೆಲ್ಲ ಹೆಗಲ ಮೇಲಿನ ಬೈರಾಸನ್ನು ಸೊಂಟಕ್ಕೆ ಬಿಗಿದು ಬಡಿಸಲು ನಿಂತರು. ಮೊದಲ ಪಂಕ್ತಿಯಿಂದ ಕೊನೆಯ ಪಂಕ್ತಿಯವರೆಗೆ ಸಾರಿನ ಬಕೆಟ್ಟು ಹಿಡಿದು ಓಡಾಡಿ, ಕೊನೆಗೆ ಅಡುಗೆ ಕೋಣೆಯ ಮೂಲೆಯಲ್ಲಿ ನಿಂತೇ ನಾಲ್ಕು ತುತ್ತು ಉಣ್ಣುತ್ತಿದ್ದರು. ಜನ ಬೆರಗಾದರು. ಇಂಥ ಸೇವಾ ಮನೋಭಾವ ಈಗಿನ ಕಾಲದಲ್ಲಿ ಎಲ್ಲುಂಟು! ಊರಿನ ಯುವಕ ಮಂಡಲದವರು ವಾರ್ಷಿಕೋತ್ಸವದಲ್ಲಿ ಅವರಿಗೆ ಸನ್ಮಾನವನ್ನೇ ಇಟ್ಟುಕೊಂಡರು. ವೇದಿಕೆಯ ಮೇಲೆ ಕೆತ್ತನೆಯ ಕುರ್ಚಿ ಹಾಕಿ, ಶಾಲು ಹಿಡಿದು, "ದಯವಿಟ್ಟು ಕುಳಿತುಕೊಳ್ಳಬೇಕು" ಎಂದರು. ಭಾವ ಆ ಕುರ್ಚಿಯನ್ನು ಒಮ್ಮೆ ನೋಡಿ ಕೈ ಮುಗಿದು, "ಕ್ಷಮಿಸಬೇಕು, ಹಿರಿಯರ ಎದುರು ಕೂರುವಷ್ಟು ದೊಡ್ಡವ ನಾನಲ್ಲ" ಎಂದರು. ಚಪ್ಪಾಳೆ ನಿಲ್ಲಲೇ ಇಲ್ಲ. ಅಧ್ಯಕ್ಷರು ಕಣ್ಣೊರೆಸಿಕೊಂಡರು.

ಔಷಧಿಯ ವಿಷಯಕ್ಕೆ ಬರುತ್ತೇನೆ. ಭಾವ ಅಂಗಡಿಗೆ ಹೋಗಿ, ಬೇರೆ ಗಿರಾಕಿಗಳು ಹೋಗುವ ತನಕ ಹಲ್ಲುಜ್ಜುವ ಬ್ರಷ್ಷುಗಳನ್ನು ನೋಡುತ್ತ ನಿಂತು, ಕೊನೆಗೆ, "ಮೂಲವ್ಯಾಧಿಗೆ ಎಂತಾದ್ರೂ ಉಂಟಾ? ನನಗಲ್ಲ. ನನ್ನ ಹೆಂಡತಿಯ ತಮ್ಮನಿಗೆ. ಶಾಲೆಯಲ್ಲಿ ಮಾಸ್ತರು" ಎಂದು ನನ್ನ ಹೆಸರನ್ನೂ ಶಾಲೆಯ ಹೆಸರನ್ನೂ ಸೇರಿಸಿ ಹೇಳುತ್ತಿದ್ದರು. ಸುಳ್ಳಿಗೆ ಅಷ್ಟು ವಿವರ ಯಾಕೆ ಬೇಕಿತ್ತೋ! ಉಡುಪಿಯ ಒಬ್ಬ ಅಂಗಡಿಯವನ ಮಗಳು ನನ್ನ ಎಂಟನೇ ಕ್ಲಾಸಿನಲ್ಲೇ ಇದ್ದಳು. ಸ್ವಲ್ಪ ದಿನದಲ್ಲಿ ಸ್ಟಾಫ್ ರೂಮಿನ ನನ್ನ ಕುರ್ಚಿಯ ಮೇಲೆ ಮೆತ್ತನೆಯ ದಿಂಬು ಬಂತು. ಹೆಡ್‌ಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದು, "ನಿಂತು ಪಾಠ ಮಾಡುದು ಕಷ್ಟವಾದ್ರೆ ಕೂತು ಮಾಡಿ. ಕೂರುದು ಕಷ್ಟವಾದ್ರೆ ನಿಂತು ಮಾಡಿ. ನನ್ನದು ಎಂತ ತಕರಾರಿಲ್ಲ" ಎಂದರು. ಅವರ ಅನುಕಂಪ ನನಗೆ ಅರ್ಥವಾಗಲು ಒಂದು ತಿಂಗಳು ಹಿಡಿಯಿತು. ಭಾವನ ಟ್ಯೂಬು, ಬಡಿಸುವ ಸೇವೆ ಎಲ್ಲದರ ಗುಟ್ಟೂ ಹೊಳೆದದ್ದು ಆಗಲೇ.

ಮನೆಯಲ್ಲಿ ಸುವರ್ಣಗಡ್ಡೆಯ ಆಡಳಿತ ಶುರುವಾಯಿತು. ಮೂಲವ್ಯಾಧಿಗೆ ಸುವರ್ಣಗಡ್ಡೆ ಒಳ್ಳೆಯದೆಂದು ನಮ್ಮಲ್ಲಿ ನಂಬಿಕೆ. ಭಾವನ ಮನೆಯಲ್ಲಿ ಸುವರ್ಣಗಡ್ಡೆಯ ಪಲ್ಯ, ಸುವರ್ಣಗಡ್ಡೆಯ ಸಾಂಬಾರು, ಕಡೆಗೊಮ್ಮೆ ಸುವರ್ಣಗಡ್ಡೆಯ ದೋಸೆಯೂ ಆಯಿತು. ನಾನು ಹೋದಾಗ ನನಗೆ ಎರಡು ಸೌಟು ಹೆಚ್ಚು! ಎಷ್ಟಾದರೂ ರೋಗಿಯಲ್ಲವೆ? ಅಕ್ಕ ಏನೂ ಕೇಳುತ್ತಿರಲಿಲ್ಲ, ಸುಮ್ಮನೆ ಬಡಿಸುತ್ತಿದ್ದಳು. ನಾಚಿಕೆಮುಳ್ಳಿನ ರಸ, ಮಜ್ಜಿಗೆ, ತಾಮ್ರದ ಉಂಗುರ ಎಲ್ಲ ಆದವು. ಹೆದ್ದಾರಿಯ ಬದಿಯ ಗೋಡೆಗಳ ಮೇಲೆ ಆಪರೇಷನ್ ಇಲ್ಲದೆ ಗುಣಪಡಿಸುತ್ತೇವೆ ಎಂದು ಬರೆದಿರುತ್ತಾರಲ್ಲ, ಅಂಥ ಒಬ್ಬನಲ್ಲಿಗೂ ಹೋಗಿ ಬಂದರು, ತಲೆಗೆ ಹೆಲ್ಮೆಟ್ ಹಾಕಿಕೊಂಡು. ಒಳಗೆ ಹೋದ ಮೇಲೂ ಹೆಲ್ಮೆಟ್ ತೆಗೆಯಲಿಲ್ಲವಂತೆ. ತೋರಿಸಬೇಕಾದ ಜಾಗ ತಲೆಯಲ್ಲವಲ್ಲ ಎಂದು ಆ ಮನುಷ್ಯನೂ ಒತ್ತಾಯ ಮಾಡಲಿಲ್ಲವಂತೆ!

ಒಂದು ಶನಿವಾರ ಭಾವ ನನ್ನನ್ನು, "ಒಮ್ಮೆ ಡಾಕ್ಟರ ಹತ್ರ ಹೋಗ್ಲಿಕ್ಕುಂಟು, ಜೊತೆಗೆ ಬಾ" ಎಂದು ಕರೆದರು. ಕೊನೆಗೂ ಬುದ್ಧಿ ಬಂತು ಎಂದುಕೊಂಡು ಸಂತೋಷದಿಂದ ಹೋದೆ. ನಮಗೆ ಯಾವ ಗುರುತೂ ಇಲ್ಲದ, ಉದ್ಯಾವರದ ಕಡೆಯ ಒಬ್ಬ ಹಿರಿಯ ಡಾಕ್ಟರು. ಒಳಗೆ ಹೋದ ಕೂಡಲೇ ಭಾವ ನನ್ನ ಭುಜ ಹಿಡಿದು ರೋಗಿಯ ಸ್ಟೂಲಿನ ಮೇಲೆ ಕೂರಿಸಿ, ತಾವು ಹಿಂದೆ ನಿಂತು, "ಇವರಿಗೆ ರಕ್ತ ಹೋಗ್ತದೆ ಡಾಕ್ಟ್ರೇ" ಎಂದರು.

ನಾನು ಬಾಯಿ ಬಿಟ್ಟೆ. ಭಾವ ನನ್ನ ಭುಜ ಅದುಮಿದರು. ಆ ಅದುಮುವಿಕೆಯಲ್ಲಿ ಎಂತಹ ದೈನ್ಯವಿತ್ತೆಂದರೆ ಬಿಟ್ಟ ಬಾಯಿಯನ್ನು ಹಾಗೇ ಮುಚ್ಚಿಕೊಂಡೆ.

"ಎಷ್ಟು ಸಮಯದಿಂದ?" ಡಾಕ್ಟರು ನನ್ನನ್ನು ಕೇಳಿದರು.

"ಎರಡು ವರ್ಷ ಆಯ್ತು" ಎಂದು ಭಾವನೇ ಉತ್ತರಿಸಿದರು.

"ನೋವುಂಟಾ?"

"ಮೊದಲು ಇತ್ತು. ಈಗ ನೋವಿಲ್ಲ, ರಕ್ತ ಮಾತ್ರ. ದಿನಾ."

"ಅವರು ಮಾತಾಡುದಿಲ್ವಾ?"

"ನಾಚಿಕೆ ಡಾಕ್ಟ್ರೇ, ಮಾಸ್ತರಲ್ವಾ."

"ನಾಚಿಕೆ ಎಂತದಕ್ಕೆ! ಆ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿ, ನೋಡುವ" ಎಂದು ಡಾಕ್ಟರು ಗ್ಲೌಸು ಹಾಕಿಕೊಳ್ಳತೊಡಗಿದರು. ನಾನು ಭಾವನ ಮುಖ ನೋಡಿದೆ. ಮಲಗು ಎನ್ನುವಂತೆ ಅವರು ಕಣ್ಣಲ್ಲೇ ಕೈ ಮುಗಿದರು! ಸಂಬಂಧಕ್ಕೂ ಒಂದು ಮಿತಿ ಬೇಡವೆ? ಆದರೂ ಮಲಗಿದೆ. ಗೋಡೆಯ ಕಡೆ ಮುಖ ಮಾಡಿ, ಬೆಲ್ಟನ್ನು ಎರಡೂ ಕೈಯಿಂದ ಭದ್ರವಾಗಿ ಹಿಡಿದುಕೊಂಡು ಮಲಗಿದೆ. ಆಗ ಡಾಕ್ಟರು ಮಾಮೂಲಿ ಧ್ವನಿಯಲ್ಲಿ ಕೇಳಿದರು, "ಮನೆಯಲ್ಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಆಗಿತ್ತಾ? ಅಪ್ಪ, ಅಣ್ಣ, ತಮ್ಮ?"

ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಭಾವ ಕೋಣೆಯಲ್ಲಿ ಇರಲಿಲ್ಲ. ಬಾಗಿಲ ಪರದೆ ಅಲ್ಲಾಡುತ್ತಿತ್ತು.

ನಾನು ಎದ್ದು ಕುಳಿತು ಡಾಕ್ಟರಿಗೆ ನಿಜ ಹೇಳಿದೆ. ಅವರು ಬೈಯಲಿಲ್ಲ. ಗ್ಲೌಸು ಕಳಚುತ್ತ, "ಅಂದರೆ ಆ ರಕ್ತ ಅವರದು. ಕರ್ಕೊಂಡು ಬನ್ನಿ. ಬರೇ ಮೂಲವ್ಯಾಧಿಯೇ ಇರ್ಬಹುದು, ಇದ್ರೆ ಸಣ್ಣ ಕೆಲಸ. ಆದರೆ ನೋಡದೆ ಹೇಳ್ಲಿಕ್ಕೆ ಆಗುದಿಲ್ಲ" ಎಂದರು.

ಇನ್ನು ಭಾವನ ಅಣ್ಣನ ವಿಷಯ ಹೇಳಲೇಬೇಕು. ಭಾವ ಡ್ರೈವರಾಗಿದ್ದ ಬಸ್ಸಿಗೆ ಅವರ ಅಣ್ಣನೇ ಕಂಡಕ್ಟರು. ಕಾರ್ಕಳದಲ್ಲಿ ಮನೆ. ಮುಂದೆ ತಮ್ಮ, ಹಿಂದೆ ಅಣ್ಣ, ಹೀಗೆ ಅರ್ಧ ಆಯುಷ್ಯ ಒಂದೇ ಬಸ್ಸಿನಲ್ಲಿ ಕಳೆದವರು. ಅಣ್ಣನಿಗೂ ರಕ್ತ ಹೋಗುತ್ತಿತ್ತು. ಹೆಂಡತಿಯನ್ನು ಬಿಟ್ಟರೆ ತಮ್ಮನಿಗೆ ಮಾತ್ರ ಹೇಳಿದ್ದರು. ತಮ್ಮ ನಕ್ಕು, "ಬಸ್ಸಿನವರಿಗೆ ಎಲ್ಲರಿಗೂ ಇರುದೇ ಅಲ್ವಾ ಅಣ್ಣ, ಸುವರ್ಣಗಡ್ಡೆ ತಿನ್ನು" ಎಂದಿದ್ದರು. ಅಣ್ಣ ಒಂದು ವರ್ಷ ಸುವರ್ಣಗಡ್ಡೆ ತಿಂದರು. ಆಮೇಲೆ ಆಸ್ಪತ್ರೆಗೆ ಒಯ್ದಾಗ ಅದು ಮೂಲವ್ಯಾಧಿಯಾಗಿರಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ಭಾವನಿಗೆ ರಕ್ತ ಕಾಣಿಸಿಕೊಂಡದ್ದು ಅದರ ಮರುವರ್ಷ. ಈಗ ಗೊತ್ತಾಯಿತಲ್ಲ, ರೋಗವನ್ನು ಯಾಕೆ ಬೇರೆಯವರ ಹೆಸರಿನಲ್ಲಿ ಇಟ್ಟರೆಂದು.

ನಾನು ಅಕ್ಕನಿಗೆ ಮೆಲ್ಲಗೆ ವಿಷಯ ತಿಳಿಸಲು ಹೋದೆ. ಅವಳು ಹಿತ್ತಲ ಕಲ್ಲಿನ ಬಳಿ ಭಾವನ ಪ್ಯಾಂಟು ಒಗೆಯುತ್ತಿದ್ದಳು. "ಗೊತ್ತುಂಟು" ಎಂದಳು. "ಬಟ್ಟೆ ಒಗೆಯುದು ಯಾರು ಅಂತ ಎಣಿಸಿದ್ದಿ?"

"ಮತ್ತೆ ಇಷ್ಟು ದಿನ ಯಾಕೆ ಕೇಳ್ಲಿಲ್ಲ?"

ಅವಳು ಪ್ಯಾಂಟನ್ನು ಹಿಂಡಿ ಹಿಂಡಿ ನೀರು ತೆಗೆದಳು. "ಕೇಳಿ, ಅವರು ಹೌದು ಅಂತ ಹೇಳಿಬಿಟ್ರೆ?" ಎಂದಳು. ಎರಡು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಹೀಗೆ ಹೆದರಿಕೊಂಡು ಕಳೆದಿದ್ದರು. ನಡುವೆ ನಾನು ಸುವರ್ಣಗಡ್ಡೆ ತಿಂದುಕೊಂಡು ತಮಾಷೆ ಮಾಡುತ್ತಿದ್ದೆ.

ಇಷ್ಟಾದರೂ ಭಾವ ಆಸ್ಪತ್ರೆಗೆ ಹೊರಡಲಿಲ್ಲ. ನಾಳೆ, ನಾಡಿದ್ದು, ಹಬ್ಬ ಕಳೆಯಲಿ, ಬದಲಿ ಡ್ರೈವರ್ ಸಿಗಲಿ! ಮುಖ ಬಿಳಿಚಿಕೊಂಡಿತು. ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಕೊನೆಗೆ ಒಂದು ದಿನ ಬೆಳಗಿನ ಟ್ರಿಪ್ಪಿನಲ್ಲಿ ಪರ್ಕಳ ದಾಟಿ ಮಣಿಪಾಲದ ಏರಿನಲ್ಲಿ ಕಣ್ಣು ಕತ್ತಲೆ ಬಂತು. ಆ ಸ್ಥಿತಿಯಲ್ಲೂ ಬಸ್ಸನ್ನು ಎಡಕ್ಕೆ ತಂದು, ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಆಮೇಲೆಯೇ ಸ್ಟೇರಿಂಗಿನ ಮೇಲೆ ಬಿದ್ದದ್ದು. ಎದೆ ಹಾರ್ನಿನ ಮೇಲಿತ್ತು. ಹಾರ್ನು ಒಂದೇ ಸಮನೆ ಕೂಗಿತು. ಹಿಂದಿನ ಬಸ್ಸಿನವನ ಜೊತೆ ಜಗಳ ಎಂದುಕೊಂಡು ಪ್ರಯಾಣಿಕರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದರಂತೆ! ಮುಂದೆ ನೋಡಿದ್ದು ಹೊಸ ಕಂಡಕ್ಟರ್ ಒಬ್ಬನೇ.

ನನಗೆ ಶಾಲೆಯಲ್ಲಿರುವಾಗ ಫೋನು ಬಂತು. ಆಸ್ಪತ್ರೆಯ ನರ್ಸು ನನ್ನ ಹೆಸರು ಹೇಳಿ, "ಅವರ ಮನೆಯವರಾ?" ಎಂದು ಕೇಳಿದಳು.

"ಅವನೇ ನಾನು."

"ಅದು ಹೇಗೆ? ಅವರು ಇಲ್ಲಿ ನನ್ನ ಎದುರಿಗೇ ಮಲಗಿದ್ದಾರಲ್ಲ!"

ಪ್ರಜ್ಞೆ ಬಂದ ಕೂಡಲೇ ಹೆಸರು ಕೇಳಿದಾಗ ಭಾವ ನನ್ನ ಹೆಸರನ್ನೇ ಕೊಟ್ಟಿದ್ದರು. ಸಾಯುವ ಹೊತ್ತಿನಲ್ಲೂ ಅಭ್ಯಾಸ ಬಿಡಬಾರದೆ? ಅಕ್ಕನನ್ನು ಕರೆದುಕೊಂಡು ಓಡಿ, ಮೊದಲು ಮಾಡಿದ ಕೆಲಸ ಚೀಟಿಯಲ್ಲಿ ಹೆಸರು ತಿದ್ದಿಸಿದ್ದು. ಯಾರ ರಕ್ತ ಯಾರಿಗೆ ಕೊಡುತ್ತಾರೋ ಎಂದು ತಿದ್ದಿದ್ದನ್ನು ಎರಡೆರಡು ಸಲ ಓದಿ ನೋಡಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಇಷ್ಟು ಕಡಿಮೆ ರಕ್ತ ಇಟ್ಕೊಂಡು ಬಸ್ಸು ಓಡಿಸ್ತಿದ್ರಾ?" ಎಂದು ಮೊದಲು ಗದರಿಸಿದಳು. ಆಮೇಲೆ ಸಮಾಧಾನದಿಂದ ವಿವರಿಸಿದಳು. ಪರೀಕ್ಷೆ ಮಾಡಿದ್ದಾಳೆ, ಮೂಲವ್ಯಾಧಿ ಇದೆ. ಅದಕ್ಕೆ ಆಪರೇಷನ್ ಬೇಡ, ಬುಡಕ್ಕೆ ಪುಟ್ಟ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ರಕ್ತ ಹರಿಯದೆ ಅದು ಬಾಡಿ ಕೆಲವು ದಿನಗಳಲ್ಲಿ ತಾನೇ ಉದುರುತ್ತದೆ. ಮಲಗಿ ಏಳುವಷ್ಟರಲ್ಲಿ ಮುಗಿಯುವ ಕೆಲಸ.

"ರಬ್ಬರ್ ಬ್ಯಾಂಡಾ?" ಭಾವ ಕೇಳಿದರು. "ನೋಟಿನ ಕಟ್ಟಿಗೆ ಹಾಕ್ತಾರಲ್ಲ, ಅದಾ?"

"ಅದಕ್ಕಿಂತ ಸಣ್ಣದು. ಆದರೆ ಅದಕ್ಕೆ ಮೊದಲು ಕ್ಯಾಮೆರಾ ಹಾಕಿ ಕರುಳು ಪೂರ್ತಿ ನೋಡ್ಬೇಕು. ನಿಮ್ಮ ಅಣ್ಣನ ವಿಷಯ ಇವರು ಹೇಳಿದ್ರು."

ಭಾವನ ಮುಖದಲ್ಲಿ ಉಳಿದಿದ್ದ ಬಣ್ಣವೂ ಇಳಿಯಿತು. "ಅದು ಬೇಡ. ಬ್ಯಾಂಡು ಹಾಕಿ ಕಳಿಸಿ ಸಾಕು. ಮೇಲೆಲ್ಲ ನೋಡುದು ಬೇಡ."

ಡಾಕ್ಟರು ಹೇಳಿದಳು, ನಾನು ಹೇಳಿದೆ, ನರ್ಸೂ ಹೇಳಿದಳು. ಭಾವ ಗೋಡೆಯ ಕಡೆ ತಿರುಗಿ ಮಲಗಿದರು. ಅಲ್ಲಿಯ ತನಕ ಸುಮ್ಮನಿದ್ದ ಅಕ್ಕ ಮಂಚದ ಹತ್ತಿರ ಹೋಗಿ ಹೇಳಿದ್ದು ಇಷ್ಟೇ: "ಇವತ್ತು ನಿಮ್ಮ ಹಿಂದೆ ಬಸ್ಸು ತುಂಬ ಜನ ಕೂತಿದ್ರು. ಶಾಲೆಯ ಮಕ್ಕಳೂ ಇದ್ರು." ಭಾವ ಹೊದಿಕೆಯನ್ನು ಭುಜದವರೆಗೆ ಎಳೆದುಕೊಂಡರು. ಆಮೇಲೆ ತಿರುಗದೆಯೇ, "ನೋಡ್ಲಿ" ಎಂದರು.

ಎರಡು ಬಾಟಲಿ ರಕ್ತ ಕೊಟ್ಟರು. ಮರುದಿನ ಕರುಳು ಖಾಲಿ ಮಾಡಲು ಒಂದು ದ್ರಾವಣ ಕುಡಿಸಿದರು. ಜೀವಮಾನವಿಡೀ ತಡೆದು ತಡೆದು ಬದುಕಿದ ಮನುಷ್ಯನಿಗೆ ಆ ದ್ರಾವಣ ಸ್ವಲ್ಪವೂ ಪುರುಸೊತ್ತು ಕೊಡಲಿಲ್ಲ! ಒಮ್ಮೆ ಹೋಗಿ ಬಂದು ಮಂಚ ಮುಟ್ಟುವಷ್ಟರಲ್ಲಿ ಮತ್ತೆ ಕರೆ. "ಇದರ ಟೈಮಿಂಗ್ ಭಾರಿ ಟೈಟು ಮಾರಾಯ" ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಕ್ಯಾಮೆರಾದ ಸ್ಕೋಪಿಗೆ ಕರೆಯುವ ಮೊದಲು ನಾವು ಕಾರಿಡಾರಿನ ಕಿಟಕಿಯ ಬಳಿ ಕಾಯುತ್ತಿದ್ದೆವು. ಕೆಳಗೆ ರಸ್ತೆ, ಆಸ್ಪತ್ರೆಯ ಗೇಟು, ಬಸ್‌ಸ್ಟಾಪು ಕಾಣುತ್ತಿತ್ತು. ಕಾರ್ಕಳದ ಬಸ್ಸೊಂದು ಬಂದು ನಿಂತಿತು. ಕಂಡಕ್ಟರ್ ಬಾಗಿಲು ಬಡಿಯುತ್ತ ಕೂಗುವುದು ಕಿಟಕಿಯವರೆಗೂ ಕೇಳಿತು. ಕೈಯಲ್ಲಿ ಚೀಲ ಹಿಡಿದವರು, ಕಾಲಿಗೆ ಪಟ್ಟಿ ಕಟ್ಟಿಕೊಂಡವರು ಒಬ್ಬೊಬ್ಬರಾಗಿ ಇಳಿದರು.

"ಅಣ್ಣ ಇಲ್ಲಿಯೇ ಕೂಗ್ತಿದ್ದ" ಎಂದರು ಭಾವ. "ಆಸ್ಪತ್ರೆ, ಆಸ್ಪತ್ರೆ, ಆಸ್ಪತ್ರೆಯವರು ಇಳೀರಿ ಅಂತ. ಮುದುಕರನ್ನು ಕೈ ಹಿಡಿದು ಇಳಿಸ್ತಿದ್ದ. ನಾನು ಕನ್ನಡಿಯಲ್ಲಿ ನೋಡ್ತಿದ್ದೆ. ದಿನಾ, ಪ್ರತಿ ಟ್ರಿಪ್ಪಿನಲ್ಲಿ ಇಲ್ಲಿ ನಿಲ್ಲಿಸಿದೆ ಮಾರಾಯ. ಅವನಿಗೆ ರಕ್ತ ಹೋಗ್ತಿತ್ತು ಅಂತ ಗೊತ್ತಿದ್ದೂ ನಿಲ್ಲಿಸಿದೆ. ನೀನೂ ಇಳಿ ಅಂತ ಒಂದು ಸಲ ಹೇಳ್ಲಿಲ್ಲ. ಅವನು ರೈಟ್ ಅಂದ, ನಾನು ಬಿಟ್ಟೆ."

ಕೆಳಗೆ ಕಂಡಕ್ಟರ್ ರೈಟ್ ಅಂದ, ಬಸ್ಸು ಹೊರಟಿತು.

ಸ್ಕೋಪಿನಲ್ಲಿ ಏನೂ ಸಿಗಲಿಲ್ಲ. ಕರುಳು ಸ್ವಚ್ಛವಾಗಿತ್ತು. ರಕ್ತವೆಲ್ಲ ಮೂಲವ್ಯಾಧಿಯದೇ, ಹೆದರುವಂಥದ್ದು ಏನೂ ಇಲ್ಲ ಎಂದು ಡಾಕ್ಟರು ನಗುತ್ತ ಬಂದು ಹೇಳಿದಾಗ ಅಕ್ಕ ಅಲ್ಲೇ ಬೆಂಚಿನ ಮೇಲೆ ಕುಸಿದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭಾವ ಮಾತ್ರ ಅನುಮಾನದಿಂದ, "ಸರಿಯಾಗಿ ನೋಡಿದ್ರಾ? ಇನ್ನೊಮ್ಮೆ ನೋಡಿ ಬೇಕಾದ್ರೆ" ಎಂದರು! ನೋಡುವುದೇ ಬೇಡ ಎಂದು ಹಟ ಹಿಡಿದಿದ್ದ ಮನುಷ್ಯ ಇವರೇ.

ಮರುದಿನ ಬ್ಯಾಂಡು ಹಾಕಿದರು. ಅರಿವಳಿಕೆ ಕೊಡಲಿಲ್ಲ, ಕೊಯ್ಯಲಿಲ್ಲ, ಹೊಲಿಯಲಿಲ್ಲ. ನಾನು ಹೊರಗೆ ಒಂದು ಚಹಾ ಕುಡಿದು ಬರುವಷ್ಟರಲ್ಲಿ ಭಾವ ಪ್ಯಾಂಟು ಸರಿಮಾಡಿಕೊಳ್ಳುತ್ತ ಹೊರಗೆ ನಿಂತಿದ್ದರು. ಮುಖ ನೋಡಿದರೆ ಗುಣವಾದವರ ಮುಖವಲ್ಲ. "ಇಷ್ಟೇನಾ?" ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ, "ಇಷ್ಟೇನಾ ಮಾರಾಯ?" ಎಂದರು. ನೀರು ಚೆನ್ನಾಗಿ ಕುಡಿಯಬೇಕು, ನಾರಿರುವ ಆಹಾರ ತಿನ್ನಬೇಕು, ತಿಣುಕಬಾರದು, ಸ್ವಲ್ಪ ರಕ್ತ ಕಂಡರೆ ಗಾಬರಿಯಾಗಬಾರದು, ಹೆಚ್ಚಾದರೆ ಕೂಡಲೇ ಬರಬೇಕು ಎಂದು ನರ್ಸು ಹೇಳಿದ್ದನ್ನೆಲ್ಲ ಅಕ್ಕ ತಲೆಯಾಡಿಸುತ್ತ ಕೇಳಿಸಿಕೊಂಡಳು.

ನಾನು ಕಾರನ್ನು ಕಾಪುವಿನ ಕಡೆ ತಿರುಗಿಸುವಷ್ಟರಲ್ಲಿ ಭಾವ, "ಕಾರ್ಕಳಕ್ಕೆ ಹೋಗುವ" ಎಂದರು. ಅಕ್ಕ ನನ್ನನ್ನು ನೋಡಿದಳು. ಅಣ್ಣನ ಉತ್ತರಕ್ರಿಯೆ ಮುಗಿದ ಮೇಲೆ ಭಾವ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ದಿನವೂ ಬಸ್ಸು ಕಾರ್ಕಳಕ್ಕೆ ಹೋಗುತ್ತಿತ್ತು, ಮನೆ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿತ್ತು, ಆದರೂ ಹೋಗಿರಲಿಲ್ಲ. ಟೈಮಿಂಗ್ ಸಿಗುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡಿದ್ದರು.

ಭಾವನ ಅತ್ತಿಗೆ ನಮ್ಮನ್ನು ಕಂಡು ಗಾಬರಿಯಾದರು. ಭಾವ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟರು. ತನಗೂ ರಕ್ತ ಹೋಗುತ್ತಿದ್ದದ್ದು, ಮುಚ್ಚಿಟ್ಟದ್ದು, ಬಸ್ಸಿನಲ್ಲಿ ಬಿದ್ದದ್ದು, ಈಗ ಪರೀಕ್ಷೆ ಮಾಡಿ ಬರೇ ಮೂಲವ್ಯಾಧಿ ಎಂದದ್ದು. ಮೊದಲ ಸಲ ರೋಗವನ್ನು ತನ್ನದೆಂದು ತಾವೇ ಬಾಯಿಬಿಟ್ಟು ಹೇಳಿದ್ದು ಅಲ್ಲಿ. ಅತ್ತಿಗೆ ಕೈಯಲ್ಲಿದ್ದ ನೀರಿನ ಚೆಂಬನ್ನು ಹಿಡಿದುಕೊಂಡೇ ಕೇಳಿದರು.

"ಆ ಪೈಪು ಹಾಕಿ ನೋಡುದು, ಅದೂ ಮಾಡಿದ್ರಾ?"

"ಮಾಡಿದ್ರು ಅತ್ತಿಗೆ."

"ನೋವಾಯ್ತಾ?"

ಈ ಮನುಷ್ಯ ಜರ್ಮನಿಯ ಕಥೆ ಕಟ್ಟಿದವರು, ನನ್ನ ಹೆಸರಿನಲ್ಲಿ ಊರೆಲ್ಲ ಔಷಧಿ ಕೊಂಡವರು. ಅತ್ತಿಗೆಯ ಪ್ರಶ್ನೆಯ ಹಿಂದೆ ಅಣ್ಣನಿದ್ದಾರೆಂದು ನನಗೆ ಹೊಳೆದುಬಿಟ್ಟಿತು. ತುಂಬ ನೋವಾಯಿತು, ತಡೆಯಲಾಗಲಿಲ್ಲ ಎಂದು ಇನ್ನೊಂದೇ ಒಂದು ಸುಳ್ಳು ಹೇಳಲಿ ದೇವರೇ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲ ಅತ್ತಿಗೆ" ಎಂದರು ಭಾವ. "ಎಂತದೂ ನೋವಾಗ್ಲಿಲ್ಲ. ಯಾವುದರಲ್ಲೂ ಆಗ್ಲಿಲ್ಲ."

ಅತ್ತಿಗೆ ಚೆಂಬನ್ನು ಕೆಳಗಿಟ್ಟರು. "ನಾನು ಹೋಗುವ ಹೋಗುವ ಅಂತ ಎಷ್ಟು ಸಲ ಕರೆದೆ" ಎಂದರು. "ನೋವಾಗ್ತದೆ ಅಂತ ಹೆದರಿಯೇ ಅವರು ಹೋಗ್ಲಿಲ್ಲ."

ಭಾವ ಬಾಗಿಲ ದಾರಂದವನ್ನು ಹಿಡಿದುಕೊಂಡು ಅಳತೊಡಗಿದರು. ಅಣ್ಣ ಸತ್ತ ದಿನವೂ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅತ್ತಿಗೆ ಹತ್ತಿರ ಬಂದು, ಅವರ ಕೈಯನ್ನು ದಾರಂದದಿಂದ ಬಿಡಿಸಿ, ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಅಳ್ಬೇಡಿ" ಎಂದರು. "ನೀವಾದ್ರೂ ಹೋದ್ರಲ್ಲ."